ಸೊನ್ನೆಗೆ ಬಾರದ ಮುಳ್ಳು

ಖಾದರ್ ಬಾಷಾ ಅವರು ಕರೆಂಟು ಅಳೆಯುವ ತಮ್ಮ ಮೀಟರ್ ತೆಗೆದುಕೊಂಡು ಹೋಗಲು ಬರುತ್ತೇನೆಂದದ್ದು ಶನಿವಾರ ಹನ್ನೊಂದು ಗಂಟೆಗೆ. ಹತ್ತೂಮುಕ್ಕಾಲಿಗೆ ನಾನು ಅದರ ಮುಂದೆ ಕೂತು ಅಳು ತಡೆದುಕೊಳ್ಳುತ್ತಿದ್ದೆ. ಯಾವ ತಂತಿಯನ್ನೂ ಜೋಡಿಸಿರಲಿಲ್ಲ. ಆದರೂ ಮುಳ್ಳು ಸೊನ್ನೆಯನ್ನು ಬಿಟ್ಟು ಕಾಲುಭಾಗ ಮೇಲೇರಿ ನಿಂತಿತ್ತು.

ಯಶವಂತಪುರದ ಮಾರುಕಟ್ಟೆ ಬೀದಿಯಲ್ಲಿ ಬಾಷಾ ಅವರದು ರೇಡಿಯೊ ರಿಪೇರಿ ಅಂಗಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ಕೊಂಡ ಮೀಟರದು. ಹದಿನೇಳು ವರ್ಷದಿಂದ ರೇಡಿಯೊಗಳ ಒಳಗೆ ಕರೆಂಟು ಎಲ್ಲಿ ನಿಂತಿದೆಯೆಂದು ಅವರಿಗೆ ಹೇಳುತ್ತಿದ್ದದ್ದು ಅದೊಂದೇ. ಕೈಜಾರಿ ಬಿದ್ದು ಅದರೊಳಗಿನ ಸ್ಪ್ರಿಂಗ್ ಸಿಕ್ಕಾದಾಗ ನನ್ನ ಕೈಗಿಟ್ಟಿದ್ದರು.

"ಆ ಸ್ಪ್ರಿಂಗ್ ಈಗ ನನ್ನ ಕಣ್ಣಿಗೆ ಕಾಣೋದೇ ಇಲ್ಲ ವೇದಮ್ಮಾ. ನೀವು ಹೂ ಕಟ್ಟೋ ಕೈಯವರು, ನೋಡಿ."

ಮದುವೆಯಾದ ಹೊಸದರಲ್ಲಿ ಮನೆಯ ರೇಡಿಯೊ ಸತ್ತಾಗ ಹಿಡಿದ ರಿಪೇರಿಯ ಹುಚ್ಚು ನನ್ನದು. ವಾಲ್ವು ಕೊಳ್ಳಲು ಹೋದವಳಿಗೆ ಬೆಸುಗೆ ಹಾಕುವುದನ್ನು ಕಲಿಸಿದವರು ಬಾಷಾ ಅವರೇ. ಆಮೇಲೆ ನೆರೆಹೊರೆಯ ನಾಲ್ಕಾರು ರೇಡಿಯೊ ಮಾತಾಡಿಸಿದ್ದೆ. ಆದರೆ ಇನ್ನೊಬ್ಬರ ಕಸುಬೇ ನೆಚ್ಚಿಕೊಂಡಿರುವ ಯಂತ್ರಕ್ಕೆ ಕೈಹಾಕಿದ್ದು ಇದೇ ಮೊದಲು. ಕೂದಲಿಗಿಂತ ತೆಳುವಾದ ಆ ಸುರುಳಿಯ ಸಿಕ್ಕನ್ನು ಸೂಜಿಯಲ್ಲಿ ಬಿಡಿಸಲು ಮೂರು ಮಧ್ಯಾಹ್ನ ಹಿಡಿಯಿತು. ಶುಕ್ರವಾರ ಸಂಜೆ ಮುಳ್ಳು ಸೊನ್ನೆಗೆ ಬಂದು ಕೂತಾಗ, ಆಫೀಸಿನಿಂದ ಆಗತಾನೆ ಬಂದಿದ್ದ ಯಜಮಾನರನ್ನು ಕೈಹಿಡಿದು ಎಳೆತಂದು ತೋರಿಸಿದ್ದೆ.

ಈಗ ಹೀಗೆ. ಮುಳ್ಳನ್ನು ಸೊನ್ನೆಗೆ ಕೂರಿಸುವ ಮುಚ್ಚಳದ ಸ್ಕ್ರೂ ತಿರುಗಿಸಿ ನೋಡಿದೆ, ಮುಳ್ಳು ಬಗ್ಗಲಿಲ್ಲ. ಸ್ಪ್ರಿಂಗ್ ಸೊಟ್ಟಗಾಗಿದೆ, ನನ್ನ ಸೂಜಿಯೇ ಅದನ್ನು ಕೆಡಿಸಿದೆ ಎಂದುಕೊಂಡೆ. ಅಂಥ ಸ್ಪ್ರಿಂಗ್ ಬೆಂಗಳೂರಿನಲ್ಲಿ ಎಲ್ಲಿ ಸಿಗಬೇಕು? ಇನ್ನೊಂದು ವಾರ ಬಿಟ್ಟು ಬನ್ನಿ ಎನ್ನಲೇ ಎಂದು ಒಮ್ಮೆ ಅನ್ನಿಸಿತು. ಮರುಕ್ಷಣ, ಇವತ್ತೇ ಈ ಮೇಜು, ಬೆಸುಗೆ ಕಡ್ಡಿ, ತಂತಿ ಎಲ್ಲವನ್ನೂ ಅಟ್ಟಕ್ಕೆ ಹಾಕಿಬಿಡಬೇಕು ಎನ್ನಿಸಿತು. ಆದರೆ ದಿನವಿಡೀ ಯಾರಿಗೆ ಏನು ಬೇಕೆಂದು ಯೋಚಿಸುವ ನಾನು ಅದನ್ನು ಮರೆಯುತ್ತಿದ್ದದ್ದು ಆ ಮೇಜಿನ ಮುಂದೆ ಮಾತ್ರ.

ಬಾಷಾ ಅವರು ಬಂದು ಜಗಲಿಯ ಮೇಲೆ ಕೂತರು. ಮೀಟರ್ ತಂದು ಅವರ ಪಕ್ಕದಲ್ಲಿಟ್ಟೆ.

"ಸಾಹೇಬ್ರೇ, ನಿಮ್ಮ ಮೀಟರ್ ಕೆಡಿಸಿಬಿಟ್ಟಿದೀನಿ. ನಿನ್ನೆ ಸರಿಯಾಗಿತ್ತು. ಈಗ ನೋಡಿ."

ಅವರು ಅದನ್ನೆತ್ತಿ ಬಿಸಿಲಿಗೆ ಓರೆ ಮಾಡಿದರು.

"ಗಾಜು ಫಳಫಳ ಅಂತಿದೆ. ಯಾರು ಒರೆಸಿದ್ದು?"

"ನಾನಂತೂ ಅಲ್ಲ."

ಕನ್ನಡಕ ಒರೆಸುವವರ ಹಾಗೆ ಅವರು ಗಾಜಿನ ಮೇಲೆ ನಿಧಾನವಾಗಿ ಬಿಸಿಯುಸಿರು ಬಿಟ್ಟರು. ಗಾಜು ಮಂಜಾಯಿತು. ಮಂಜು ಕರಗಿದಾಗ ಮುಳ್ಳು ಸೊನ್ನೆಯ ಮೇಲಿತ್ತು.

"ಸ್ಪ್ರಿಂಗ್‌ಗೆ ಏನೂ ಆಗಿಲ್ಲಮ್ಮ. ಒಣ ಹವೆ. ಯಾರೋ ರೇಷ್ಮೆ ಬಟ್ಟೇಲಿ ತಿಕ್ಕಿದಾರೆ. ಗಾಜಿಗೆ ಕರೆಂಟ್ ಹತ್ಕೊಂಡು ಮುಳ್ಳನ್ನ ಎಳೀತಿತ್ತು, ಉಸಿರಿನ ತೇವಕ್ಕೆ ಇಳೀತು ಅಷ್ಟೆ. ನಮ್ಮನೆಯವಳು ಜೈಬುನ್ನೀಸಾ ಒಂದ್ಸಲ ಈದ್ ದಿನ ಹೊಸ ರೇಷ್ಮೆ ಸೀರೆ ಸೆರಗಲ್ಲಿ ಇದನ್ನ ಒರೆಸಿದ್ಲು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಅವಳು ಬಿರಿಯಾನಿಗೆ ಉಪ್ಪು ಕಮ್ಮಿ ಆಯ್ತಾ ಅಂತ ಕೇಳ್ತಿದ್ಲು."

"ನಮ್ಮನೇಲಿ ರೇಷ್ಮೆ ಯಾರು..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ಆ ಹೊತ್ತಿನಲ್ಲಿ ರೇಷ್ಮೆ ಉಟ್ಟಿರುವವರು ಒಬ್ಬರೇ. ಅಡುಗೆಮನೆಯಲ್ಲಿ ಮಡಿಯಲ್ಲಿರುವ ಅತ್ತೆ. ಮಡಿಯಲ್ಲಿದ್ದಾಗ ಅವರು ನನ್ನ ಸೆರಗು ಸೋಕಿದರೂ ಸರಿದು ನಿಲ್ಲುವವರು. ಒಳಗೆ ಸೌಟಿನ ಸದ್ದು ನಿಂತಿತು.

"ನಾನೇ ಕಣೇ," ಎಂದಿತು ಅತ್ತೆಯ ದನಿ. "ಗಾಜಿನ ಮೇಲೆಲ್ಲ ನಿನ್ನ ಬೆರಳಿನ ಗುರುತು. ನಮ್ಮನೆ ಸೊಸೆ ರಿಪೇರಿ ಮಾಡಿದ್ದು, ಹಾಗೇ ಕೊಟ್ಟು ಕಳಿಸೋಕಾಗುತ್ತಾ?"

"ಮಡೀಲಿದ್ರಲ್ಲ ಅತ್ತೆ?"

"ಗಾಜು ತಾನೆ. ಗಾಜಿಗೇನು ಮಡಿ?"

ಆ ಶಾಸ್ತ್ರ ಅವರೇ ಆಗ ಬರೆದದ್ದೆಂದು ನನಗೆ ಗೊತ್ತಿತ್ತು.

ಬಾಷಾ ಅವರು ಜುಬ್ಬಾದ ಜೇಬಿನಿಂದ ಹೊಸ ಸೆಲ್ ತೆಗೆದು ಮೀಟರಿನ ಕಡ್ಡಿಗಳಿಗೆ ಹಿಡಿದರು. ಮುಳ್ಳು ಎಲ್ಲೂ ತಡವರಿಸದೆ ಒಂದೂವರೆ ವೋಲ್ಟಿಗೆ ಹೋಗಿ ನಿಂತಿತು. ಬಿಟ್ಟರೆ ಸೊನ್ನೆ. ಹಿಡಿದರೆ ಮತ್ತೆ ಒಂದೂವರೆ.

"ಬೀಳೋಕೆ ಮುಂಚೆ ಇಷ್ಟು ಸಲೀಸಾಗಿ ಓಡ್ತಿರಲಿಲ್ಲ," ಎಂದು ಅದನ್ನು ಟವಲಿನಲ್ಲಿ ಸುತ್ತಿಕೊಂಡರು. "ಸೋಮವಾರ ಅಂಗಡಿ ಕಡೆ ಬನ್ನಿ. ರೇಡಿಯೊ ಪರೀಕ್ಷೆ ಮಾಡೋ ಹಳೇ ಸಿಗ್ನಲ್ ಜನರೇಟರ್ ಒಂದಿದೆ, ನನ್ನ ಮಾತು ಕೇಳ್ತಾ ಇಲ್ಲ."

"ಬರ್ತೀನಿ," ಎಂದೆ.

ಅವರ ಸೈಕಲ್ ಬೀದಿ ತಿರುಗಿದ ಮೇಲೆ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟೆ. ಹೆಂಗಸರು ಹೊಸಿಲ ಮೇಲೆ ಕೂರಬಾರದೆಂದು ಅತ್ತೆ ಅವತ್ತು ಹೇಳಲಿಲ್ಲ.