ಕಳೆಯ ಪಾಲಿಗೆ ಬಿಟ್ಟ ಅವರೆ

ನಾನು ಒಂದು ಅವರೆ ಗಿಡ. ಹುಟ್ಟಿದ್ದು ಕೃಷಿ ಸಂಶೋಧನಾ ಕೇಂದ್ರದ ಹೊಲದಲ್ಲಿ. ಸರ್ಕಾರಿ ಗೊಬ್ಬರ, ಸಾಲು ಹಿಡಿದ ಬಿತ್ತನೆ. ಪುಣ್ಯ ಮಾಡಿದ್ದೆ ಅಂದುಕೊಂಡೆ. ಎರಡೆಲೆ ಬಿಡುವಷ್ಟರಲ್ಲಿ ಆ ಭ್ರಮೆ ಹರಿಯಿತು.

ಪಕ್ಕದ ತುಕಡಿಗೆ ಕಳೆ ಕೀಳುವ ಹೆಂಗಸರು ಬಂದರು; ನಮ್ಮದಕ್ಕೆ ಬರಲಿಲ್ಲ. ಪ್ರಯೋಗ ನಡೆಸುವ ವಿಶ್ವಾರಾಧ್ಯರು ಬದುವಿನ ಮೇಲೆ ನಿಂತು ಹೇಳಿದರು: "ಈ ತುಕಡೀಲಿ ಯಾರೂ ಕಳೆ ಕೀಳ್ಬೇಡಿ. ಕಳೆ ಬಿಟ್ರೆ ಅವರೆ ಎಷ್ಟು ಕೆಡುತ್ತೆ ಅಂತ ನೋಡ್ಬೇಕು."

ನೋಡಬೇಕಂತೆ! ಹಸಿದವನ ಎಲೆಗೆ ಬಡಿಸಿ, ಅದನ್ನು ಪಕ್ಕದವನು ಬಾಚಿ ತಿನ್ನುವುದನ್ನು ನೋಡಲು ಅಷ್ಟೆಲ್ಲ ಓದಬೇಕೆ? ನನ್ನ ಗೊಬ್ಬರವನ್ನು ಕೊನ್ನಾರಿ ಹುಲ್ಲು ಕದ್ದಿತು. ಮಳೆಯ ನೀರನ್ನು ಗರಿಕೆ ಕುಡಿಯಿತು. ಅಣ್ಣೆಸೊಪ್ಪಂತೂ ನನ್ನ ನೆತ್ತಿಯ ಮೇಲೆ ಬೆಳೆದು ಬಿಸಿಲನ್ನೂ ನುಂಗಿತು. ಪಕ್ಕದ ತುಕಡಿಯವರು ಸೊಂಪಾಗಿ ಹರಡುತ್ತಿದ್ದರೆ, ನಾನು ಒಂದು ಹೂವಿಗೂ ಗತಿಯಿಲ್ಲದೆ ಹಳದಿಯಾಗಿ ನಿಂತಿದ್ದೆ.

ಒಂದು ಸಂಜೆ, ಕೂಲಿಗೆ ಬರುತ್ತಿದ್ದ ಹುಚ್ಚೀರಮ್ಮ ನಮ್ಮ ತುಕಡಿಗೆ ಇಳಿದಳು. ಬೆರಕೆ ಸೊಪ್ಪಿನ ಸಾರಿಗೆಂದು ಅಣ್ಣೆಯನ್ನು ಬುಡಸಮೇತ ಕಿತ್ತು ಮಡಿಲು ತುಂಬಿಕೊಂಡಳು. ಮರುದಿನ ಅವಳ ಜೊತೆಯವರೂ ಬಂದರು. ನನಗೆ ಬಿಸಿಲು ಕಂಡಿತು. ಹೂವು ಬಂತು, ಪಕ್ಕದವರ ಗೊಂಚಲಿಗೆ ಸಾಟಿಯಲ್ಲದ ನಾಲ್ಕು ಕಾಯಿಯೂ ಕಚ್ಚಿತು.

ವಿಶ್ವಾರಾಧ್ಯರು ಕಂಡದ್ದು ಆಮೇಲೆ. "ಕಳೆ ಕೀಳ್ಬೇಡಿ ಅಂದಿದ್ನಲ್ಲಮ್ಮಾ!"

"ಕಳೆ ಯಾರು ಕಿತ್ತವ್ರೆ ಸಾ?" ಎಂದಳು ಹುಚ್ಚೀರಮ್ಮ. "ಗರಿಕೆ ಅಂಗೇ ಐತೆ, ಕೊನ್ನಾರಿ ಅಂಗೇ ಐತೆ. ನಾವು ಕಿತ್ತಿದ್ದು ಸೊಪ್ಪು. ಉಣ್ಣೋ ಸೊಪ್ಪನ್ನ ಕಳೆ ಅಂತಾರಾ?"

"ನನ್ನ ಪ್ರಯೋಗ ಮಣ್ಣುಪಾಲಾಯ್ತು!"

"ಬುಡಿ ಸಾ, ಮಣ್ಣಿಗೆ ಬಿದ್ದಿದ್ದೇ ತಾನೇ ಬೆಳೆಯೋದು."

ವಿಶ್ವಾರಾಧ್ಯರು ನಮ್ಮ ತುಕಡಿಯನ್ನೇ ಪ್ರಯೋಗದಿಂದ ತೆಗೆದುಹಾಕಿದರು. "ಬೇಕಾದ್ರೆ ಈ ಅವರೆ ಗಿಡಾನೂ ನೀವೇ ಕಿತ್ಕೊಂಡು ಹೋಗಿ" ಎಂದು ಹೊರಟೇಹೋದರು. ಸಾಯಲೆಂದು ಬಿಟ್ಟಾಗ ಲೆಕ್ಕಕ್ಕಿದ್ದೆ. ಬದುಕಿದ ತಪ್ಪಿಗೆ ಲೆಕ್ಕಕ್ಕೆ ಬೇಡವಾದೆ!

ಈಗ ಹುಚ್ಚೀರಮ್ಮನ ಒಲೆಯ ಮೂಲೆಯಲ್ಲಿ ಒಣಕಡ್ಡಿಯಾಗಿ ಬಿದ್ದಿದ್ದೇನೆ. ಒಲೆಯ ಮೇಲಿನ ಮಡಕೆಯಲ್ಲಿ ನನ್ನ ನಾಲ್ಕು ಕಾಯಿಯ ಕಾಳು. ಅವುಗಳ ಮೇಲೆ ಅದೇ ಹೊಲದಲ್ಲಿ ಮತ್ತೆ ಹುಟ್ಟಿದ ಅಣ್ಣೆಸೊಪ್ಪು. ಅಲ್ಲೂ ಅದಕ್ಕೇ ಜಾಗ ಹೆಚ್ಚು! ಹುಚ್ಚೀರಮ್ಮ ನನ್ನ ಕಡೆಗೆ ಕೈ ಚಾಚುತ್ತಿದ್ದಾಳೆ. ಚಾಚಲಿ. ಮಳೆಗಾಲದಿಂದ ಕೂಡಿಟ್ಟ ಸಿಟ್ಟಿದೆ, ಚೆನ್ನಾಗಿ ಉರಿಯುತ್ತೇನೆ. ನನ್ನ ಕಾಳು ಬೆಂದರೂ ಸರಿ, ಆ ಅಣ್ಣೆ ಮೊದಲು ಬೇಯಬೇಕು.