ನೋವು ನಿಂತರೆ ಕಾಲು ಗಟ್ಟಿಯಾಯಿತೇ?

ಕೊಣ್ಣೂರಿನಲ್ಲಿ ಯಾರದಾದರೂ ಮೊಣಕಾಲು ತಿರುಚಿದರೆ ಸಾಕು, ಊರಿಗೆ ಊರೇ ವೈದ್ಯನಾಗುತ್ತದೆ. ಒಬ್ಬರು ಬಿಸಿ ಎಣ್ಣೆ ಹಚ್ಚಿ ತಿಕ್ಕು ಎನ್ನುತ್ತಾರೆ, ಇನ್ನೊಬ್ಬರು ಸುಣ್ಣ-ಬೆಲ್ಲದ ಪಟ್ಟು ಹಾಕು ಎನ್ನುತ್ತಾರೆ. ಎಲ್ಲರೂ ಒಪ್ಪುವ ಮಾತು ಒಂದೇ: ನೋವು ನಿಂತರೆ ಕಾಲು ವಾಸಿಯಾದಂತೆ. ಅಲ್ಲಪ್ಪನೂ ಹಾಗೇ ನಂಬಿದ್ದ. ಅವನು ಒಂದು ಕಾಲದ ಹೆಸರಾಂತ ಪೈಲ್ವಾನ. ಈಗ ಕಬ್ಬು ಬೆಳೆಯುತ್ತಾನೆ, ಬಲಗಾಲು ಎಳೆದು ನಡೆಯುತ್ತಾನೆ. ಹದಿನೆಂಟರ ಮಗಳು ಮಾಯಾಳಿಗೆ ಮನೆಯ ಹಿತ್ತಲಿನ ಕೆಂಪು ಮಣ್ಣಿನಲ್ಲಿ ಕುಸ್ತಿ ಕಲಿಸುತ್ತಾನೆ.

ಕಳೆದ ವರ್ಷ ಅದೇ ಮಣ್ಣಿನಲ್ಲಿ ಮಾಯಾಳ ಎಡ ಮೊಣಕಾಲು ತಿರುಚಿ ಬಾತುಕೊಂಡಿತು. ಗೋಕಾಕದ ದವಾಖಾನೆಯಲ್ಲಿ ನೋಡಿ, ಎಲುಬು ಮುರಿದಿಲ್ಲ, ಲಿಗಮೆಂಟ್ ಸ್ವಲ್ಪ ಹರಿದಿದೆ, ಆಪರೇಷನ್ ಬೇಡ, ಆದರೆ ವ್ಯಾಯಾಮ ಕಲಿಯಲು ತಪ್ಪದೆ ಬನ್ನಿ ಎಂದಿದ್ದರು. ಪಟ್ಟಿ ಕಟ್ಟಿಸಿಕೊಂಡು ಬಂದವರು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಆರು ವಾರ ಮಾಯಾ ಕಾಲು ಚಾಚಿ ಕುಳಿತಳು. ಬಾವು ಇಳಿಯಿತು, ನೋವು ನಿಂತಿತು. ಆ ವಾರವೇ ಅಲ್ಲಪ್ಪ ದಡ್ಡಿಯ ಕುಸ್ತಿ ಮೈದಾನಕ್ಕೆ ಮಗಳ ಜೋಡಿ ಹಚ್ಚಿ, ಅಂದರೆ ಎದುರಾಳಿಯನ್ನು ಗೊತ್ತುಮಾಡಿ ಬಂದ. ಮಾಯಾಳ ಫೋಟೊ, ಎದುರಾಳಿಯ ಫೋಟೊ ಎರಡೂ ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚಾದವು. ನಮ್ಮ ಕಡೆ ಜೋಡಿ ಅಚ್ಚಾದ ಮೇಲೆ ಹಿಂದೆ ಸರಿಯುವುದೆಂದರೆ ಮೂಗು ಕೊಯ್ದುಕೊಂಡಂತೆ.

ಆದರೆ ತಾಯಿ ಸುಂದ್ರವ್ವ ಒಂದು ಸಂಗತಿ ನೋಡಿದ್ದಳು. ಮೆಟ್ಟಿಲು ಇಳಿಯುವಾಗ ಮಗಳು ಗೋಡೆ ಹಿಡಿಯುತ್ತಿದ್ದಳು. ಮೈದಾನಕ್ಕೆ ಎಂಟು ದಿನ ಇರುವಾಗ ಸುಂದ್ರವ್ವ ಬಾಜೂ ಮನೆಯ ನಂದಾಳನ್ನು ಕರೆಸಿದಳು. ನಂದಾ ಹುಕ್ಕೇರಿಯಲ್ಲಿ ಫಿಜಿಯೋಥೆರಪಿಸ್ಟ್. ಪೆಟ್ಟಾದ ಕೈಕಾಲಿಗೆ ವ್ಯಾಯಾಮದಿಂದ ಬಲ ತರುವುದೇ ಅವಳ ಕೆಲಸ.

“ನೋವು ಹೋಗೇತಿ ಅಂದಮ್ಯಾಲ ಇನ್ನೇನವಾ?” ಅಲ್ಲಪ್ಪ ಮುಖ ಗಂಟಿಕ್ಕಿದ. “ಪೈಲ್ವಾನ ಕುಂತರ ಕೆಟ್ಟ.”

“ಬರೇ ಕುಂದರಾಕ ನಾನೂ ಹೇಳೂದಿಲ್ರಿ ಕಾಕಾ,” ಎಂದಳು ನಂದಾ. “ಹರದದ್ದು ಕೂಡಾಕ ಟೈಮ್ ಬೇಕು. ಆರ ವಾರ ಕುಂತು ತೊಡಿ ಬಲಾನೂ ಕಡಿಮಿ ಆಗಿರತೈತಿ. ನೀವ ನೋಡ್ರಿ.”

ಅವಳು ಮಾಯಾಳಿಗೆ ಒಂಟಿ ಕಾಲಿನಲ್ಲಿ ಅರ್ಧ ಬೈಠಕ್ ಹೊಡೆಯಲು, ಅಂದರೆ ಅರ್ಧ ಕುಳಿತು ಏಳಲು, ಹೇಳಿದಳು. ಬಲಗಾಲಿನಲ್ಲಿ ಹತ್ತು ಸಲೀಸಾಗಿ ಆದವು. ಎಡಗಾಲಿನಲ್ಲಿ ಮೂರನೆಯದಕ್ಕೇ ತೊಡೆ ನಡುಗಿತು, ಮೊಣಕಾಲು ಒಳಕ್ಕೆ ವಾಲಿತು. ನಂದಾ ತಟ್ಟನೆ ಅವಳ ತೋಳು ಹಿಡಿದಳು. ಸಾವಿರಾರು ಬೈಠಕ್ ಕಂಡ ಅಲ್ಲಪ್ಪನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಹ್ಯಾಂಡ್‌ಬಿಲ್ಲು ಕಣ್ಣೆದುರಿಗಿತ್ತು.

“ಆವತ್ತ ಒಂದ ನೋವಿನ ಸೂಜಿ ಮಾಡಸ್ತೇನಿ,” ಎಂದ.

“ಸೂಜಿ ನೋವು ಮುಚ್ಚತೈತಿ, ಕಾಲಿಗೆ ಬಲಾ ಕೊಡೂದಿಲ್ರಿ. ಆಖಾಡದಾಗ ಮತ್ತ ತಿರುವಿದರ ಈ ಸಲ ಪೂರಾ ಹರದೀತು. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ.” ನಂದಾ ದನಿ ತಗ್ಗಿಸಿದಳು. “ಸಿಟ್ಟಾಗಬ್ಯಾಡ್ರಿ, ನಿಮ್ಮ ಕಾಲಿಗೆ ಏನಾಗಿತ್ರಿ?”

ದೃಷ್ಟಿ ತಾಗಿತು ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದ ಅಲ್ಲಪ್ಪ. ಅಂದು ಮಗಳ ಮೊಣಕಾಲನ್ನೇ ನೋಡುತ್ತ ಇದ್ದದ್ದನ್ನು ಹೇಳಿದ.

“ನನಗೂ ಹಿಂಗ ತಿರುವಿತ್ತು. ಎಣ್ಣಿ ಹಚ್ಚಿ ತಿಕ್ಕಿಸಿದೆ. ನೋವು ನಿಂತಿತು. ಇಪ್ಪತ್ತನೇ ದಿನಕ್ಕ ಆಖಾಡಕ್ಕ ಇಳದೆ.”

“ಆಮ್ಯಾಲ ಅಪ್ಪಾ?” ಮಾಯಾ ಕೇಳಿದಳು. ಈ ಕಥೆ ಅವಳಿಗೆ ಗೊತ್ತಿರಲಿಲ್ಲ.

“ಆಮ್ಯಾಲ ಎಂದೂ ಇಳೀಲಿಲ್ಲವಾ.”

ಅವನ ಕಣ್ಣು ತುಂಬಿದವು. ಆ ವಯಸ್ಸಿನಲ್ಲಿ ತನಗೆ ತಡೆದು ಹೇಳುವವರು ಯಾರೂ ಇರಲಿಲ್ಲ. ಮಗಳಿಗೆ ಹೇಳುವವಳು ಎದುರಿಗೇ ಕುಳಿತಿದ್ದಳು.

ಅಂದೇ ಮೈದಾನದಲ್ಲಿ ಕುಸ್ತಿ ಆಡಿಸುವ ಪಂಚ ರಾಜಪ್ಪನಿಗೆ ಫೋನು ಹಚ್ಚಿದ. ರಾಜಪ್ಪ ಬೇರೆ ಜೋಡಿ ನೋಡಲು ಒಪ್ಪಿದ, ಆದರೆ “ಮಂದಿಗೆ ನೀವ ಬಂದು ಹೇಳ್ರಿ” ಎಂದ. ಕುಸ್ತಿಯ ದಿನ ಅಲ್ಲಪ್ಪ ಹೋದ. ತುಂಬಿದ ಮೈದಾನದಲ್ಲಿ ಕಾಲೆಳೆಯುತ್ತ ನಡೆದು ಮೈಕು ಹಿಡಿದ. ಹೆದರಿದರು, ಹೆದರಿದರು ಎಂದು ಗುಸುಗುಸು ಎದ್ದಿತು.

“ಖರೆ, ಹೆದರೇನಿ,” ಎಂದ ಅಲ್ಲಪ್ಪ. “ನನ್ನ ಮಗಳು ಹೆದರಿಲ್ಲ, ನಾ ಹೆದರೇನಿ. ಆಕಿ ಕಾಲು ಇನ್ನೂ ತಯಾರ ಇಲ್ಲ. ತಯಾರ ಇಲ್ಲದ ಕಾಲು ಇಳಿಸಿದರ ಏನ ಆಗತೈತಿ ಅಂತ ಕೇಳೋರು ಈ ನನ್ನ ಕಾಲು ನೋಡ್ರಿ.”

ಮುಂದೆ ಕುಳಿತಿದ್ದ ಮುದುಕ ಪೈಲ್ವಾನನೊಬ್ಬ ತನ್ನ ಮೊಣಕಾಲು ಸವರಿಕೊಂಡ.

ಅಲ್ಲಿಂದ ಐದು ತಿಂಗಳು ನಂದಾ ಹೇಳಿದ ವ್ಯಾಯಾಮ. ಮೊದಲು ಮಲಗಿ ಕಾಲೆತ್ತುವುದು, ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು, ನಿಧಾನ ಓಟ. ಬೇಸರವೆಂದರೆ ಬೇಸರ. ಮಾಯಾ ಅತ್ತ ದಿನಗಳೂ ಇದ್ದವು. ಎಡಗಾಲಿನ ಬಲ ಬಲಗಾಲಿನ ಹತ್ತರಲ್ಲಿ ಒಂಬತ್ತು ಪಾಲಿಗೆ ಬರುವ ತನಕ ನಂದಾ ಕುಸ್ತಿಯ ಮಾತೇ ಎತ್ತಗೊಡಲಿಲ್ಲ. ಗೋಕಾಕದ ಡಾಕ್ಟರೂ ಹೂಂ ಎಂದ ಮೇಲೆ ಹಗುರ ತಾಲೀಮು, ಕೊನೆಗೆ ಮೂಡಲಗಿಯ ಆಖಾಡ.

ಅಲ್ಲಿ ಮಾಯಾ ಸೋತಳು. ಸೋತು, ಎರಡೂ ಕಾಲ ಮೇಲೆ ನೆಟ್ಟಗೆ ನಡೆದು ಹೊರಗೆ ಬಂದಳು.

“ಇರಲಿ ಬಿಡು, ಮುಂದಿನ ಸಲ ನೋಡೂಣು,” ಎಂದ ಅಲ್ಲಪ್ಪ. ಮುಂದಿನ ಸಲ ಎಂಬುದು ಅವನ ಪಾಲಿಗೆ ಎಂದೂ ಬಂದಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಓಡುವ, ಕಬಡ್ಡಿ ಆಡುವ, ಕುಸ್ತಿ ಹಿಡಿಯುವ ಮಕ್ಕಳಿದ್ದಾರೆ. ಪೆಟ್ಟಾದ ಕೂಡಲೇ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಡಾಕ್ಟರಿಗೆ ತೋರಿಸಿ. ಅವರು ಕಲಿಸಿದ ವ್ಯಾಯಾಮವನ್ನು ನೋವು ನಿಂತ ಮೇಲೂ ಬಿಡಿಸಬೇಡಿ, ಸೂಜಿ ಮಾಡಿಸಿ ಆಟಕ್ಕೆ ಇಳಿಸಬೇಡಿ. ನೋವಿಲ್ಲ ಎಂದು ಮಗು ಹೇಳಿದರೆ, ಬಲ ಬಂದಿದೆಯೇ ಎಂದು ಕೇಳಿ. ಮೈದಾನ ಮುಂದಿನ ವರ್ಷವೂ ಇರುತ್ತದೆ. ಮಗುವಿಗೆ ಇರುವ ಮೊಣಕಾಲು ಎರಡೇ.