ಎರಡನೆಯ ಅಳತೆ

ಸಂಡೂರು ರಸ್ತೆಯ ಆ ಹಳ್ಳಿಯಲ್ಲಿ ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಅದಿರಿನ ಲಾರಿಗಳ ಧೂಳು. ಜನ ಎರಡು ವರ್ಷ ಅರ್ಜಿ ಕೊಟ್ಟ ಮೇಲೆ ಧೂಳು ಅಳೆಯುವ ಯಂತ್ರ ಬಂತು. ಅದರ ಜೊತೆ ಬಂದವಳು ಅನುಸೂಯಾ. ಮೆಟ್ರಿ ಎಂಬ ಊರಿನ ಕೂಲಿಕಾರರ ಮಗಳು. ಹೊಸಪೇಟೆಯ ಒಂದು ಪ್ರಯೋಗಾಲಯದಲ್ಲಿ ನೌಕರಿ. ಅವಳ ದೊಡ್ಡಮ್ಮ ಎರ್ರೆಮ್ಮ ಇದೇ ಊರಿನವಳಾದ್ದರಿಂದ ಎಲ್ಲರಿಗೂ ಅವಳು 'ನಮ್ಮ ಹುಡುಗಿ'.

ಶಾಲೆಯ ಮಾಳಿಗೆಯ ಮೇಲೆ ಒಂದು ದಿನ ಯಂತ್ರ ಓಡಿತು. ಧೂಳು ಮಿತಿಗಿಂತ ನಾಲ್ಕು ಪಟ್ಟು! ಊರಿನ ಮುಂದಾಳು ರಾಯಣ್ಣ ವರದಿಯ ಪ್ರತಿಯನ್ನು ಮನೆಮನೆಗೂ ತೋರಿಸಿ ಬಂದ.

ಮೂರನೆಯ ದಿನ ಅನುಸೂಯಾ ಅಳತೆಯ ದಿನ ತೆಗೆದ ಫೋಟೋಗಳನ್ನು ನೋಡುತ್ತಿದ್ದಳು. ಒಂದರಲ್ಲಿ, ಶಾಲೆಯ ಗೋಡೆಯಾಚೆ ಮೆಕ್ಕೆಜೋಳ ಒಕ್ಕುವ ಯಂತ್ರ ಹೊಟ್ಟು ಹಾರಿಸುತ್ತಿತ್ತು. ಅಂದೂ ಕಣ್ಣಿಗೆ ಬಿದ್ದಿತ್ತು. ಏನಾಗುತ್ತದೆ ಬಿಡು ಎಂದು ಸುಮ್ಮನಾಗಿದ್ದಳು. ಈಗ ಆ ನಾಲ್ಕು ಪಟ್ಟಿನಲ್ಲಿ ಲಾರಿಯದೆಷ್ಟು, ಹೊಟ್ಟಿನದೆಷ್ಟು? ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿಟ್ಟಳು.

"ವರದಿ ಹೋಗೇತಿ, ಯಾರೂ ಕೇಳಿಲ್ಲ. ಸುಮ್ನೆ ಕೆದಕಬ್ಯಾಡ್ರಿ," ಎಂದರು ಮೇಲಧಿಕಾರಿ ಗೋಪೀನಾಥ.

"ನನಗ ಗೊತ್ತಾಗೇತಲ್ರಿ ಸರ್."

ಅಳತೆ ತಪ್ಪೆಂದು ಅವಳು ಬರೆದ ಪತ್ರಕ್ಕೆ ಅವರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದರು.

ಊರಿಗೆ ಹೋಗಿ ಹೇಳಿದಾಗ ರಾಯಣ್ಣ ಕೆರಳಿದ. "ಲೇ, ನೀ ಯಾರ ಕಡೆಯಾಕಿ? ಇಷ್ಟು ದಿನಕ್ಕ ಒಂದು ಕಾಗದ ನಮ್ಮ ಕೈಯಾಗ ಬಂದಿತ್ತು!"

ಎರ್ರೆಮ್ಮನ ಮಾತು ಇನ್ನೂ ಚುಚ್ಚಿತು. "ಹಂಗಾರ ನಾ ಕೆಮ್ಮೋದು ಸುಳ್ಳೇನ?"

"ನಿನ್ನ ಕೆಮ್ಮು ಖರೆ, ದೊಡ್ಡಮ್ಮ. ನನ್ನ ಅಳತಿ ಸುಳ್ಳು."

ಎರ್ರೆಮ್ಮ ಒಳಗೆ ಹೋದಳು. ಕುಂದ್ರು ಎನ್ನಲಿಲ್ಲ.

ಮತ್ತೆ ಯಂತ್ರ ಇಟ್ಟ ದಿನ ನಸುಕಿನಲ್ಲೇ ಲಾರಿ ಮಾಲೀಕರ ಟ್ಯಾಂಕರ್ ಬಂದು ಧೂಳು ಏಳದಂತೆ ರಸ್ತೆಗೆ ನೀರು ಚೆಲ್ಲಿತು. ಎರಡು ವರ್ಷದಲ್ಲಿ ಒಂದು ದಿನವೂ ಬಾರದ ಟ್ಯಾಂಕರ್! ಅನುಸೂಯಾಳಿಗೆ ಸಿಟ್ಟಿನಿಂದ ಅಳುವೇ ಬಂತು. ಮರುದಿನ ಕರೆಂಟು ಹೋಯಿತು. ನಿಯತ್ತಿಗೆ ಇದೇ ಕೂಲಿಯೇನು ಎಂದು ಮಾಳಿಗೆಯ ಮೇಲೆ ಒಬ್ಬಳೇ ಹಲ್ಲು ಕಡಿದಳು. ಆದರೂ ಟ್ಯಾಂಕರ್ ಬಂದ ವೇಳೆಯನ್ನು ಬರೆದಿಟ್ಟು, ಗೋಪೀನಾಥರನ್ನು ಕಾಡಿ ಬೇಡಿ, ಟ್ಯಾಂಕರ್ ಬಾರದ, ಒಕ್ಕುವ ಯಂತ್ರವೂ ಓಡದ ಮೂರು ದಿನ ಸಿಗುವ ತನಕ ಯಂತ್ರ ಓಡಿಸಿದಳು. ಧೂಳು ಮಿತಿಗಿಂತ ಒಂದೂವರೆ ಪಟ್ಟು ಬಂತು.

ಅಧಿಕಾರಿಗಳು ಕರೆದ ಅಹವಾಲು ಸಭೆಯಲ್ಲಿ ಲಾರಿ ಮಾಲೀಕರ ವಕೀಲರು ನಕ್ಕರು. "ಮೊದಲನೇದು ತಪ್ಪಂತ ನೀವೇ ಬರೆದೀರಿ. ಇದನ್ನ ಹೆಂಗ ನಂಬಬೇಕ್ರಿ?"

ಅನುಸೂಯಾ ಎದ್ದು ನಿಂತಳು. ಬಚ್ಚಿಡುವುದು ಏನೂ ಇರಲಿಲ್ಲ.

"ಮೊದಲಿನ ತಪ್ಪು ನೀವು ಹಿಡಿದಿಲ್ರಿ, ನಾನ ಹಿಡಿದೀನಿ. ಇದರಾಗ ತಪ್ಪಿದ್ರ ಅದನ್ನೂ ನಾನ ಹೇಳ್ತಿದ್ದೆ."

ವಕೀಲರು ಕಾಗದ ತಿರುವಿದರು. ಅಧಿಕಾರಿಗಳು ಎರಡನೆಯ ಅಳತೆಯನ್ನು ಒಪ್ಪಿದರು.

ಲಾರಿಗಳಿಗೆ ತಾಡಪಾಲು ಹೊದಿಸುವುದು ಕಡ್ಡಾಯವಾಯಿತು. ಶಾಲೆಯ ವೇಳೆಯಲ್ಲಿ ಓಡಾಟ ನಿಂತಿತು. ಲಾರಿಗಳೇ ಪೂರ್ತಿ ನಿಲ್ಲಬೇಕೆಂದಿದ್ದ ರಾಯಣ್ಣ ಅವಳ ಕಡೆ ನೋಡದೆ ಹೊರಟುಹೋದ. ಅವಳಿಗೆ ನೋವಾಯಿತು. ಆದರೆ ಹೊಸಪೇಟೆಯ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದ್ದೇ ತಡ, ಮನಸ್ಸು ಹಗುರಾಗಿ ಗಾಢ ನಿದ್ದೆ ಹತ್ತಿತು. ನಿಲ್ದಾಣ ಬಂದಾಗ ಕಂಡಕ್ಟರೇ ಎಬ್ಬಿಸಬೇಕಾಯಿತು.